ಬಸ್ಸು ಹತ್ತಿ ವಾಪಸ್ ಬರಲಾಗದ ಊರು

ನೊರೆಯಣ್ಣನನ್ನು ಕಂಡರೆ ನನಗೆ ಒಂದು ಕಡೆ ಪ್ರೀತಿ, ಇನ್ನೊಂದು ಕಡೆ ಮೈಯೆಲ್ಲ ಉರಿ. ನನ್ನ ಹೊಲಿಗೆ ಅಂಗಡಿಗೂ ಅವನ ಕಟಿಂಗ್ ಶಾಪಿಗೂ ನಡುವೆ ಇರುವುದು ಒಂದೇ ಗೋಡೆ. ಅವನ ಕತ್ತರಿಯ ಸದ್ದು ನನಗೆ ಕೇಳುತ್ತದೆ, ನನ್ನ ಬೈಗುಳ ಅವನಿಗೆ ಕೇಳುತ್ತದೆ. ಶೇವಿಂಗಿಗೆ ಕೂತವರ ಮುಖದಲ್ಲಿ ಕಣ್ಣು, ಮೂಗು ಬಿಟ್ಟು ಬೇರೇನೂ ಕಾಣದ ಹಾಗೆ ನೊರೆ ಬಳಿಯುತ್ತಾನೆಂದು ಬೀದಿಯವರು ಆ ಹೆಸರಿಟ್ಟರು. ನಿಜವಾದ ಹೆಸರು ಕೇಳಿದರೆ ಅವನೇ ಒಂದು ಗಳಿಗೆ ಯೋಚಿಸಬೇಕು.

ಕೆಲಸದಲ್ಲಿ ಎತ್ತಿದ ಕೈ, ಸ್ವಭಾವದಲ್ಲಿ ದೇವರಂಥವನು. ಅದೇ ತೊಂದರೆ. ಯಾರು ಕರೆದರೂ ಹೊರಟುಬಿಡುತ್ತಾನೆ. ಆಸ್ಪತ್ರೆಯಲ್ಲಿ ಮಲಗಿದವರ ಗಡ್ಡಕ್ಕೂ ಇವನೇ ಬೇಕು, ಅಂಗಡಿಯ ಕುರ್ಚಿ ಕಂಡರೆ ರಂಪ ಮಾಡುವ ಮಗುವಿನ ತಲೆಗೂ ಇವನೇ ಬೇಕು. ಊಟಕ್ಕೆ ಕೂತಿದ್ದಾಗ ಹೊರಗಿನಿಂದ "ನೊರೆಯಣ್ಣಾ" ಅಂದರೆ ಮುಗಿಯಿತು, ತಟ್ಟೆ ಅಲ್ಲೇ, ಇವನು ಬೀದಿಯಲ್ಲಿ. ತಟ್ಟೆಯ ಮುಂದೆ ಉಳಿಯುವುದು ಅವನ ಹೆಂಡತಿ ಒಬ್ಬರೇ. ನಾನು ಅವರನ್ನು ಅತ್ತಿಗೆ ಅನ್ನುತ್ತೇನೆ. ಬಾಯಿ ಬಿಟ್ಟು ದೂರುವವರಲ್ಲ. ನಾನಾಗಿದ್ದರೆ ಆ ತಟ್ಟೆಯನ್ನು ಅವನ ಬೆನ್ನ ಹಿಂದೆಯೇ ಎಸೆಯುತ್ತಿದ್ದೆ.

ಹಿಂದೆ ಎರಡು ಸಲ ಗಂಡ ಹೆಂಡತಿ ಊರು ಬಿಟ್ಟು ನಾಲ್ಕು ದಿನ ತಿರುಗಾಡಿ ಬರಲು ಹೊರಟಿದ್ದರು. ಒಂದು ಸಲ ಬ್ಯಾಗು ಬಾಗಿಲಿಗೆ ಬಂದ ಮೇಲೆ ಯಾರೋ ಕರೆದರು, ಹೋದ, ಬಸ್ಸು ತಪ್ಪಿತು. ಇನ್ನೊಂದು ಸಲ ಬಸ್ಸು ಹತ್ತಿಯೂ ಆಗಿತ್ತು. ಊರು ದಾಟುವಷ್ಟರಲ್ಲಿ ಫೋನು ಬಂತು. ಹೆಂಡತಿಯನ್ನೂ ಇಳಿಸಿಕೊಂಡು, ರಸ್ತೆ ದಾಟಿ, ಎದುರಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ವಾಪಸ್ ಬಂದ. ಬೀದಿಯೆಲ್ಲ ನಕ್ಕಿತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅತ್ತಿಗೆ ನಗಲಿಲ್ಲ ಎನ್ನುವುದು ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ಈ ವರ್ಷ ಮಗಳು ಫೋನು ಮಾಡಿ, "ಅಮ್ಮಾ, ನಿಮ್ಮಿಬ್ರನ್ನೂ ಎಲ್ಲಿಗಾದ್ರೂ ಕಳಿಸ್ತೀನಿ. ಎಲ್ಲಿಗೆ ಬೇಕು ಹೇಳು" ಅಂದಳಂತೆ. ಅವಳು ನರ್ಸು, ಬೇರೆ ಊರಿನ ಆಸ್ಪತ್ರೆಯಲ್ಲಿದ್ದಾಳೆ. "ಬಸ್ಸು ಹತ್ತಿ ವಾಪಸ್ ಬರೋಕಾಗದ ಊರಿಗೆ ಕಳಿಸು" ಅಂದರಂತೆ ಅತ್ತಿಗೆ. ಮಗಳು ನಕ್ಕಳು, ಆದರೆ ಹುಡುಗಿ ಚುರುಕು. ಸಮುದ್ರದ ನಡುವಿನ ಒಂದು ಪುಟ್ಟ ದೇಶಕ್ಕೆ ಎರಡು ಟಿಕೆಟ್ ಮಾಡಿಸಿಯೇಬಿಟ್ಟಳು.

"ಅಲ್ಲಿಂದ ಓಡಿ ಬರ್ಬೇಕಂದ್ರೆ ಈಜ್ಕೊಂಡೇ ಬರ್ಬೇಕಣ್ಣಾ" ಎಂದು ನಾನು ರೇಗಿಸಿದೆ. ಅವನು ನಕ್ಕ. ನಗು ಮುಖಕ್ಕೆ ಸರಿಯಾಗಿ ಅಂಟಲಿಲ್ಲ.

ತಯಾರಿಯೆಲ್ಲ ಅತ್ತಿಗೆಯದೇ. ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದರು. ಊರವರ ಮುಖಕ್ಕೆಲ್ಲ ಕಳೆ ತರುವವನು ತನ್ನ ಫೋಟೋದಲ್ಲಿ ಕಳ್ಳನ ಹಾಗೆ ಬಿದ್ದಿದ್ದ. ಬಿಪಿ ಮಾತ್ರೆಗೆ ಡಾಕ್ಟರ ಚೀಟಿ ಬರೆಸಿಟ್ಟರು. ಅಲ್ಲಿನ ಪ್ಲಗ್ಗಿನ ತೂತೇ ಬೇರೆ ಆಕಾರದ್ದಂತೆ, ಅದಕ್ಕೊಂದು ಅಡಾಪ್ಟರ್ ತಂದರು. ಹೊಸ ಶೂ ಕಾಲು ಕಚ್ಚಬಾರದೆಂದು ಅಡುಗೆಮನೆಯಲ್ಲೂ ಹಾಕಿಕೊಂಡು ಓಡಾಡಿದರು. ಪಾಸ್‌ಪೋರ್ಟ್ ಇಡಲು ಬಟ್ಟೆಯೊಳಗೆ ಕೊರಳಿಗೆ ನೇತುಹಾಕುವ ಚೀಲ ಬೇಕೆಂದರು, ಎರಡು ಹೊಲಿದುಕೊಟ್ಟೆ. ನೊರೆಯಣ್ಣ ತಯಾರಿ ಮಾಡಿದ್ದು ಒಂದೇ, ತನ್ನದೊಂದು ರೇಜರನ್ನು ಹೆಗಲ ಚೀಲಕ್ಕೆ ಹಾಕಿಕೊಂಡದ್ದು.

"ಅಪ್ಪಾ, ಅದನ್ನ ಕೈಚೀಲದಲ್ಲಿ ಇಟ್ರೆ ಏರ್‌ಪೋರ್ಟಲ್ಲಿ ತೆಗೆದು ಬಿಸಾಕ್ತಾರೆ" ಎಂದು ಮಗಳು ಫೋನಿನಲ್ಲಿ ಕೂಗಿದಳು. "ಅಷ್ಟಕ್ಕೂ ಅಲ್ಲಿ ಯಾರ ಗಡ್ಡ ತೆಗೀತೀರಾ?"

"ಯಾರಾದ್ರೂ ಕೇಳಿದ್ರೆ?" ಅಂದ ಪುಣ್ಯಾತ್ಮ.

ಅತ್ತಿಗೆ ರೇಜರ್ ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಅವನ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿದ್ದದ್ದು ಒಂದೇ ವಿಷಯ, ಲಾರಿ ಯಜಮಾನರು. ಹಿಂದಿನ ಬೀದಿಯವರು, ಲಾರಿ ಓಡಿಸಿ ದೇಶವೆಲ್ಲ ಸುತ್ತಿದ ಆಳು. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿ ಈಗ ಮಂಚ ಹಿಡಿದಿದ್ದಾರೆ. ಮಾತು ಅರ್ಧಂಬರ್ಧ. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ನೊರೆಯಣ್ಣ ಅವರ ಮನೆಗೆ ಹೋಗಿ, ಸಡಿಲವಾಗಿ ಜೋತ ಕೆನ್ನೆಯನ್ನು ಬೆರಳಲ್ಲಿ ಬಿಗಿಯಾಗಿ ಎಳೆದು ಹಿಡಿದು ಶೇವ್ ಮಾಡಿ ಬರುತ್ತಾನೆ. ಅವರ ಹೆಂಡತಿಯನ್ನು ನಾವೆಲ್ಲ ಲಾರಿಯಮ್ಮ ಅನ್ನುತ್ತೇವೆ, ಪಾಪ, ಆಕೆ ಲಾರಿ ಹತ್ತಿದ್ದೇ ಇಲ್ಲ.

"ತಂಗಿ, ನಾನು ದೊಡ್ಡ ತಪ್ಪು ಮಾಡ್ತಿದ್ದೀನಿ" ಎಂದು ನೊರೆಯಣ್ಣ ನನ್ನ ಮೆಷಿನ್ನಿನ ಮುಂದೆ ಬಂದು ನಿಲ್ಲುತ್ತಿದ್ದ. "ಮಂಚದಿಂದ ಏಳೋಕಾಗದ ಮನುಷ್ಯನ್ನ ಬಿಟ್ಟು ನಾನು ಮಜಾ ಮಾಡೋಕೆ ಹೋಗ್ತಿದ್ದೀನಲ್ಲ. ಅವರು ಬೆಳಗಾದ್ರೆ ಬಾಗಿಲ ಕಡೆ ನೋಡ್ತಿರ್ತಾರೆ, ಗೊತ್ತಾ? ಅನ್ನ ಗಂಟಲಲ್ಲಿ ಇಳೀತಿಲ್ಲ."

ನಿಜಕ್ಕೂ ಇಳಿಯುತ್ತಿರಲಿಲ್ಲ. ಮುಖ ಬಾಡಿತ್ತು. ಯಾರದೋ ಕಿವಿಯ ಪಕ್ಕದ ಕೃದಾವನ್ನು ಒಂದು ಕಡೆ ಕಿವಿಯವರೆಗೆ, ಇನ್ನೊಂದು ಕಡೆ ದವಡೆಯವರೆಗೆ ಬಿಟ್ಟು ಕಳಿಸಿ ಬೈಸಿಕೊಂಡ.

ಮೊದಲು ತನ್ನ ಬದಲಿಗೆ ಪೇಟೆಯ ಇನ್ನೊಬ್ಬ ಕಟಿಂಗ್ ಶಾಪಿನವನನ್ನು ಒಪ್ಪಿಸಿ ಕರೆದುಕೊಂಡು ಹೋದ. ಲಾರಿ ಯಜಮಾನರು ತುಟಿ ಬಿಗಿದು ಗೋಡೆ ಕಡೆ ಮುಖ ತಿರುಗಿಸಿದವರು ತಿರುಗಲೇ ಇಲ್ಲ. ಆಗ ಲಾರಿಯಮ್ಮನೇ ಕೇಳಿದರು, "ತಮ್ಮಾ, ನನಗೇ ಕಲಿಸಬಾರದಾ?"

ಪಾಠ ನಡೆದದ್ದು ಕಟಿಂಗ್ ಶಾಪಿನಲ್ಲಿ, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು. ಊದಿದ ಬಲೂನಿಗೆ ನೊರೆ ಬಳಿದು, ಒಡೆಯದ ಹಾಗೆ ರೇಜರಿನಿಂದ ನೊರೆ ತೆಗೆಯಬೇಕು. ಅವನು ಕೆಲಸ ಕಲಿತದ್ದೂ ಹಾಗೆಯೇ ಅಂತೆ. ಢಂ! ಮೊದಲ ಬಲೂನು ಹೋಯಿತು. ಢಂ! ಇನ್ನೊಂದು. ನನ್ನ ಸೂಜಿ ಗೆರೆ ತಪ್ಪಿತು. "ಯಾರ ಪ್ರಾಣ ಹೋಯ್ತು ಅಲ್ಲಿ?" ಎಂದು ಗೋಡೆಯ ಈಚೆಯಿಂದ ಕೂಗಿದೆ. "ಇನ್ನೂ ಇಲ್ಲ, ಪ್ರಯತ್ನ ಪಡ್ತಿದ್ದೀನಿ" ಅಂದರು ಲಾರಿಯಮ್ಮ. ನೊರೆಯಣ್ಣನೇ ಕುರ್ಚಿಯಲ್ಲಿ ಕೂತು ಕೆನ್ನೆ ಸಡಿಲ ಬಿಟ್ಟು ತನ್ನ ಗಡ್ಡವನ್ನು ಅವರ ಕೈಗೆ ಒಪ್ಪಿಸಿದ. ಒಂದೆರಡು ಕಡೆ ಗೀರಿಸಿಕೊಂಡ. ಅವರ ಹೆದರಿಕೆ ಬಿಡಿಸುವ ತನಕ ಬಿಡಲಿಲ್ಲ.

ಕೊನೆಗೆ ಲಾರಿಯಮ್ಮ ಗಂಡನಿಗೇ ಶೇವ್ ಮಾಡಿದ ದಿನ ನೊರೆಯಣ್ಣ ಪಕ್ಕದಲ್ಲಿ ಟವೆಲ್ ಹಿಡಿದು ನಿಂತಿದ್ದ. ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದ.

"ಯಾಕಣ್ಣಾ, ಕೊಯ್ದುಬಿಟ್ರಾ?"

"ಇಲ್ಲ ತಂಗಿ, ಚೆನ್ನಾಗೇ ಮಾಡಿದ್ರು. ಯಜಮಾನರು ಆಕೆಯ ಕೈ ಹಿಡ್ಕೊಂಡು ನಕ್ಕರು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ." ಕೈಯಲ್ಲಿದ್ದ ಟವೆಲ್ಲನ್ನು ಮಡಿಚುತ್ತ, "ನನಗೆ ಹೊಟ್ಟೆಕಿಚ್ಚಾಯ್ತು. ಥೂ, ಎಂಥಾ ಮನುಷ್ಯ ನಾನು" ಅಂದ.

ನನಗೆ ನೆತ್ತಿಗೇರಿತು. "ಅವರು ಕಾಯ್ತಾರೆ, ಇವರು ಕಾಯ್ತಾರೆ ಅಂತೀಯಲ್ಲ, ಮನೇಲಿ ಒಬ್ರು ಕಾಯ್ತಾ ಇದ್ದಾರಲ್ಲ, ಅವರ ಲೆಕ್ಕ ಯಾವಾಗ? ನಿನಗೆ ಜನರ ಮೇಲೆ ಕರುಣೆ ಇರೋದು ನಿಜ. ಅದರ ಜತೆಗೆ ಕರೆಸ್ಕೊಳ್ಳೋ ಚಪಲಾನೂ ಇದೆ" ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಎದ್ದು ಹೋದ. ಅಷ್ಟು ಅನ್ನಬಾರದಿತ್ತೇನೋ ಎಂದು ನನಗೂ ಆಮೇಲೆ ಮನಸ್ಸು ಚುಚ್ಚಿತು. ಆದರೆ ವಾಪಸ್ ತೆಗೆದುಕೊಳ್ಳಲಿಲ್ಲ.

ಹೊರಡುವ ಹಿಂದಿನ ದಿನ ಸೂಟ್‌ಕೇಸ್ ತೂಕ ನೋಡಬೇಕೆಂದು ಮೂವರೂ ಬೀದಿಯ ತುದಿಯ ಗುಜರಿ ಅಂಗಡಿಗೆ ಹೋದೆವು. ವಿಮಾನದವರು ತೂಕ ಹೆಚ್ಚಾದರೆ ಬಿಡುವುದಿಲ್ಲವಂತೆ. ನೊರೆಯಣ್ಣನ ಸೂಟ್‌ಕೇಸ್ ತಕ್ಕಡಿಗೆ ಏರಿತು, ಸರಿಯಾಗಿತ್ತು. ಅತ್ತಿಗೆಯದನ್ನು ಗುಜರಿಯವನು ಜೋರಾಗಿ ಎತ್ತಲು ಹೋಗಿ ಹಿಂದಕ್ಕೆ ಬೀಳುವುದರಲ್ಲಿದ್ದ.

"ಏನಮ್ಮಾ ಇದು, ಗಾಳಿ ತುಂಬಿದ್ದೀರಾ?" ಎಂದು ನಕ್ಕ.

ನಾನೂ ನಗುತ್ತಲೇ ಜಿಪ್ ಎಳೆದೆ. ಒಳಗೆ ಏನೂ ಇರಲಿಲ್ಲ. ಒಂದು ಕರವಸ್ತ್ರವೂ ಇರಲಿಲ್ಲ.

"ಅದನ್ನ ತರೋದು ಬೇಡ ಅಂದೆ, ಇವರೇ ಎತ್ಕೊಂಡು ಬಂದ್ರು" ಅಂದರು ಅತ್ತಿಗೆ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. "ನಿಮ್ಮದು ತುಂಬಿದ್ದೀನಲ್ಲ. ನಂದು ಹತ್ತು ನಿಮಿಷದ ಕೆಲಸ, ನಾಳೆ ಆಟೋ ಬಂದ ಮೇಲೆ ತುಂಬ್ಕೋತೀನಿ."

"ಇವತ್ತೇ ಯಾಕೆ ತುಂಬ್ಲಿಲ್ಲ?" ಅಂದ ನೊರೆಯಣ್ಣ.

ಅತ್ತಿಗೆ ಗುಜರಿಯವನ ಕಡೆ ನೋಡಿದರು, ನನ್ನ ಕಡೆ ನೋಡಿದರು. "ತುಂಬೋದು ಕಷ್ಟ ಅಲ್ಲ ರೀ. ಹೋಗದೆ ಉಳಿದ ಮೇಲೆ, ಒಂದೊಂದೇ ಬಟ್ಟೆ ತೆಗೆದು ಬೀರುವಲ್ಲಿ ಜೋಡಿಸ್ತೀನಲ್ಲ, ಅದು ಕಷ್ಟ. ಎರಡು ಸಲ ಮಾಡಿದೆ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

ಕೋಪದಲ್ಲಿ ಹೇಳಿದ್ದರೆ ನಾವು ತಡೆದುಕೊಳ್ಳಬಹುದಿತ್ತು. ಉಪ್ಪು ಮುಗಿದಿದೆ ಅನ್ನುವ ಹಾಗೆ ಹೇಳಿದರು. ನೊರೆಯಣ್ಣನ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಬಸ್ಸಿನ ಆ ಕತೆಗೆ ಹೊಟ್ಟೆ ಹಿಡಿದು ನಕ್ಕದ್ದು ನೆನಪಾಗಿ ನನಗೆ ನೆಲದೊಳಗೆ ಇಳಿಯಬೇಕೆನಿಸಿತು. ಖಾಲಿ ಸೂಟ್‌ಕೇಸನ್ನು ಅವನೇ ಹೊತ್ತುಕೊಂಡ.

ಮರುದಿನ ಬೆಳಿಗ್ಗೆ ಆಟೋ ಬಂತು. ನೊರೆಯಣ್ಣನ ಸೂಟ್‌ಕೇಸ್ ಹಿಂದೆ ಇಟ್ಟದ್ದಾಯಿತು. ಅತ್ತಿಗೆ ಹೊಸ್ತಿಲ ಮೇಲೆ ನಿಂತಿದ್ದರು. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಲಾರಿಯಮ್ಮ. ಪಕ್ಕದಲ್ಲಿದ್ದ ನನಗೂ ಅವರ ದನಿ ಕೇಳಿಸುತ್ತಿತ್ತು.

"ತಮ್ಮಾ, ಕೈ ಜಾರಿ ಕೊಯ್ದುಬಿಟ್ಟೆ. ರಕ್ತ ಬರ್ತಿದೆ. ಇವರು ನಿನ್ನನ್ನೇ ಕೇಳ್ತಿದ್ದಾರೆ, ನನ್ನನ್ನ ಹತ್ರ ಸೇರಿಸ್ತಿಲ್ಲ. ಹೊರಟುಬಿಟ್ಯಾ? ಒಂದು ಗಳಿಗೆ ಬಂದು ಹೋಗ್ತೀಯಾ?"

ನೊರೆಯಣ್ಣ ಹಿಂದಿನ ಬೀದಿಯ ಕಡೆ ನೋಡಿದ. ಅವನ ಕಾಲು ಆ ಕಡೆಗೆ ಒಂದು ಹೆಜ್ಜೆ ಇಟ್ಟೂ ಆಗಿತ್ತು. ಅತ್ತಿಗೆ ಮುಖ ಸಪ್ಪಗೆ ಮಾಡಲಿಲ್ಲ, ಕಣ್ಣು ತುಂಬಿಕೊಳ್ಳಲಿಲ್ಲ. ಬಗ್ಗಿ, ಎಡಗಾಲಿನ ಶೂ ದಾರ ಬಿಚ್ಚಲು ಶುರು ಮಾಡಿದರು.

ಅವನು ಅದನ್ನು ನೋಡಿದ. ನಾನೂ ನೋಡಿದೆ.

"ಅಕ್ಕಾ" ಅಂದ ಫೋನಿಗೆ. "ತಣ್ಣೀರಲ್ಲಿ ಬಟ್ಟೆ ಹಿಂಡಿ ಗಾಯದ ಮೇಲೆ ಒತ್ತಿ ಹಿಡೀರಿ. ಒರೆಸ್ಬೇಡಿ, ಒತ್ತಿ ಹಿಡೀರಿ. ನಿಂತುಹೋಗತ್ತೆ. ನಾನು... ನಾನು ಬರಲ್ಲ ಅಕ್ಕಾ. ಬರೋಕಾಗಲ್ಲ. ತಂಗೀನ ಕಳಿಸ್ತೀನಿ."

ಬರಲ್ಲ ಎಂಬ ಮಾತು ಅವನ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಫೋನು ನನ್ನ ಕೈಗೆ ಕೊಟ್ಟು, ಆಟೋದ ಮೆಟ್ಟಿಲ ಮೇಲೆ ಕೂತು, ಎಲ್ಲರೆದುರು ಮಗುವಿನ ಹಾಗೆ ಅತ್ತ. "ಅವರಿಗೆ ಇವತ್ತು ಮೋಸ ಮಾಡಿದೆ ತಂಗಿ. ಇವಳಿಗೆ ಮದುವೆಯಾದಾಗಿಂದ ಮಾಡ್ತಾ ಬಂದೆ."

ಅತ್ತಿಗೆ ಬಿಚ್ಚಿದ ದಾರವನ್ನು ಮತ್ತೆ ಕಟ್ಟಿ, ಎದ್ದು ಒಳಗೆ ಹೋದರು. ಬೀರುವಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ನಾನು ಫೋನನ್ನು ಅವನ ಜೇಬಿಗೆ ಹಾಕಿ ಲಾರಿ ಯಜಮಾನರ ಮನೆಯ ಕಡೆ ಹೊರಟೆ.

ಆಟೋದವನಿಗೆ ಇದೆಲ್ಲ ಏನು ಗೊತ್ತು? ಹಾರ್ನ್ ಒತ್ತಿ, "ಅಮ್ಮ ಇನ್ನೂ ತುಂಬ್ತಾನೇ ಇದ್ದಾರಾ? ಬೇಗ ಅನ್ನಿ ಸಾರ್, ಹೊತ್ತಾಯ್ತು" ಅಂದ.

"ಹಾರ್ನ್ ಹೊಡೀಬೇಡಪ್ಪಾ" ಅಂದ ನೊರೆಯಣ್ಣ, ಕಣ್ಣು ಒರೆಸಿಕೊಳ್ಳುತ್ತ. "ನಿಧಾನಕ್ಕೆ ತುಂಬ್ಲಿ. ನಾವು ಕಾಯೋಣ."