ಎರಡೂವರೆ ಪಟ್ಟು

ಗ್ಯಾಸ್ ಸಂಪರ್ಕಕ್ಕೆ ವಿಳಾಸದ ಪುರಾವೆ ಬೇಕೆಂದು ಕಳೆದ ಭಾನುವಾರ ಹಳೆಯ ಫೈಲೊಂದನ್ನು ಕೊಡವಿದೆ. ನಾಲ್ಕಾಗಿ ಮಡಚಿದ ಹಾಳೆಯೊಂದು ನೆಲಕ್ಕೆ ಬಿತ್ತು. ಹಸುಗೂಸಿನ ಕ್ರೋಶಾ ಸ್ವೆಟರಿನ ಮಾದರಿ ಅದು. ಅಂಚಿನ ತುಂಬ ಪೆನ್ಸಿಲಿನ ಗುಣಾಕಾರಗಳು, ಒಂದು ಮೂಲೆಯಲ್ಲಿ ಅರಿಸಿನದ ಹೆಬ್ಬೆರಳಿನ ಗುರುತು. ಗುಣಾಕಾರ ನನ್ನದು, ಹೆಬ್ಬೆರಳು ಶರಣಮ್ಮನದು.

ಆಗಿನ್ನೂ ಹೈದರಾಬಾದಿಗೆ ಮೆಟ್ರೊ ಬಂದಿರಲಿಲ್ಲ. ಮೈಸೂರಿನಿಂದ ಬಂದ ನಾನು ಮಣಿಕೊಂಡದ ಒಂದು ಪಿ.ಜಿ.ಯಲ್ಲಿದ್ದೆ. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಬರೆದಿಡುವವರನ್ನು ಊಟಕ್ಕೆ ಯಾರೂ ಅಷ್ಟಾಗಿ ಕರೆಯುವುದಿಲ್ಲ. ನಾನೂ ಕರೆಯಿಸಿಕೊಳ್ಳುವ ಪೈಕಿಯಲ್ಲ. ಶನಿವಾರ, ಭಾನುವಾರ ಯಾರೊಂದಿಗೂ ಮಾತೇ ಇರುತ್ತಿರಲಿಲ್ಲ. ಸೋಮವಾರದ ಮೀಟಿಂಗಿಗೆ ಮೊದಲು ದನಿ ಇದೆಯೋ ಇಲ್ಲವೋ ನೋಡಲು ಬಚ್ಚಲಲ್ಲಿ ಒಮ್ಮೆ ಕೆಮ್ಮಿಕೊಳ್ಳುತ್ತಿದ್ದೆ. ನಗಬೇಡಿ, ನಿಜವಾಗಿ.

ಶರಣಮ್ಮ ನಮ್ಮ ಪಿ.ಜಿ.ಯ ಅಡುಗೆಯವಳು. ರಾಯಚೂರು ಕಡೆಯವಳು. ಗಂಡ ದೊಡ್ಡ ಕಟ್ಟಡಗಳಿಗೆ ಸೆಂಟ್ರಿಂಗ್ ಕಟ್ಟುತ್ತಿದ್ದ. ಅವಳೂ ಕೆಲವು ವರ್ಷ ಅಲ್ಲೇ ಸಿಮೆಂಟು ಹೊತ್ತು, ಆಮೇಲೆ ಒಲೆಯ ಮುಂದೆ ಬಂದಿದ್ದಳು. ಉಳಿದ ಹುಡುಗಿಯರೊಂದಿಗೆ ತೆಲುಗು, ಹಿಂದಿ. ನಾನು ಮನೆಗೆ ಫೋನು ಮಾಡುವುದು ಕೇಳಿಸಿಕೊಂಡ ದಿನದಿಂದ ನನ್ನೊಂದಿಗೆ ಮಾತ್ರ ಕನ್ನಡ.

"ನಿಮ್ಮ ಕನ್ನಡ ರೇಡಿಯೋದಾಗ ಸುದ್ದಿ ಓದಿದಂಗ ಐತ್ರಿ ಅಕ್ಕಾರ. ಭಾಳ ಚಂದ. ಆದ್ರ ಎಲ್ಲಾ ಸುದ್ದಿನೂ ಎರಡ ಮಾತಿನ್ಯಾಗ ಮುಗೀತಾವಲ್ರಿ!"

ಆ ಚಳಿಗಾಲ ನಾನು ಅಕ್ಕನ ಮಗುವಿಗೆ ಸ್ವೆಟರು ಹೆಣೆಯುತ್ತಿದ್ದೆ. ಕೊರಳಿನಿಂದ ಶುರುವಾಗಿ ಹೂವಿನಂತೆ ಕೆಳಕ್ಕೆ ಅರಳುವ ಮಾದರಿ. ಶರಣಮ್ಮ ಮಸಾಲೆಯ ಕೈಯಲ್ಲೇ ಹಾಳೆ ಎತ್ತಿಕೊಂಡು ಚಿತ್ರ ನೋಡಿದಳು.

"ಇಂಥಾದು ದೊಡ್ಡೋರಿಗೆ ಬರಂಗಿಲ್ಲೇನ್ರಿ? ಮುಂಜಾನೆ ಲಿಂಗಂಪಲ್ಲಿಯಿಂದ ಆಟೋದಾಗ ಬರೂತನಕ ಎದಿ ಗಡಗಡ ನಡಗತೈತಿ. ನಂಗೊಂದು ಹಾಕ್ರಿ. ಸಂಕ್ರಾಂತಿ ಆದಮ್ಯಾಲ ನಾವು ಪುಣಾಕ ಹೋಗ್ತೀವಿ, ಅಲ್ಲಿ ಇನ್ನೂ ಥಂಡಿ ಅಂತ."

ಅವಳು ಹೋಗುತ್ತಾಳೆಂಬುದು ನನಗೆ ತಿಳಿದದ್ದು ಹೀಗೆ, ಸ್ವೆಟರಿನ ನಡುವೆ. "ಹಾಕೋಣ" ಎಂದೆ. ಎರಡು ಮಾತಿಗೆ ಒಂದು ಕಡಿಮೆಯೇ.

ಮೊದಲು ಅವಳ ಅಳತೆ ತೆಗೆದುಕೊಳ್ಳಬೇಕಿತ್ತು. ಅದು ನನ್ನಿಂದಾಗಲಿಲ್ಲ. ಚಿಕ್ಕಂದಿನಿಂದಲೂ ಯಾರನ್ನಾದರೂ ಮುಟ್ಟಿ ಮಾತಾಡಿಸಲು ನನಗೆ ಬಾರದು. ಅಕ್ಕನನ್ನು ಅಪ್ಪಿಕೊಂಡದ್ದು ಅವಳ ಮದುವೆಯ ದಿನ, ಅದೂ ಫೋಟೋದವನು ಹೇಳಿದ್ದಕ್ಕೆ. ಹಾಗಾಗಿ ಒಂದು ಉಪಾಯ ಕಂಡುಕೊಂಡೆ. ಶರಣಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಊಟಕ್ಕೆ ಕೂಗಿದಾಗ ಅವಳ ಎರಡೂ ಪಕ್ಕ ಎಷ್ಟು ಜಾಗ ಉಳಿಯುತ್ತದೆಂದು ಕಣ್ಣಲ್ಲೇ ಗುರುತಿಟ್ಟುಕೊಂಡೆ. ಅವಳು ಹೋದ ಮೇಲೆ ಬಾಗಿಲನ್ನು ಅಳೆದೆ. ಉಳಿದ ಜಾಗ ಕಳೆದು, ಬಂದ ಅಗಲವನ್ನು ಇಮ್ಮಡಿ ಮಾಡಿದೆ. ಹಾಗೆ ಸಿಕ್ಕ ಎದೆಯ ಸುತ್ತಳತೆ ಮಗುವಿನದರ ಎರಡೂವರೆ ಪಟ್ಟಿತ್ತು. ಸರಿ, ಕೊರಳು, ತೋಳು, ಉದ್ದ, ಎಲ್ಲವನ್ನೂ ಎರಡೂವರೆಯಿಂದ ಗುಣಿಸಿದೆ. ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ, ಮೂರು ಸಲ ಪರೀಕ್ಷಿಸಿದ್ದೆ.

ಆದರೆ ಮಕ್ಕಳು ದೊಡ್ಡವರ ಸಣ್ಣ ಪ್ರತಿಗಳಲ್ಲ. ಹಸುಗೂಸಿಗೆ ಮೈಗಿಂತ ತಲೆಯದೇ ಭಾರ, ತೋಳು ಗೇಣುದ್ದವೂ ಇಲ್ಲ, ಎದೆಗಿಂತ ಹೊಟ್ಟೆ ಮುಂದು. ಬೆಳೆಯುತ್ತ ತಲೆ ಒಂದಿಷ್ಟೇ ಹಿಗ್ಗುತ್ತದೆ, ತೋಳು ಮೂರು ಪಟ್ಟು ದಾಟುತ್ತದೆ. ಇದು ಯಾವ ತಾಯಿಗೂ ಗೊತ್ತಿರುವ ಸಂಗತಿ. ನನಗೆ ಗೊತ್ತಾದದ್ದು ಇಪ್ಪತ್ತು ದಿನ ಹೆಣೆದು ಮುಗಿಸಿದ ಮೇಲೆ.

ಶರಣಮ್ಮ ಅದನ್ನು ಸೀರೆಯ ಮೇಲೆ ತೊಟ್ಟಳು. ಕೊರಳು ಎರಡೂ ಭುಜ ಇಳಿದು ತೋಳಿಗೆ ಬಂತು. ತೋಳು ಮೊಣಕೈ ದಾಟಿ ಸ್ವಲ್ಪದರಲ್ಲೇ ನಿಂತಿತು. ಹೊಟ್ಟೆಯ ಬಳಿ ಇನ್ನೊಬ್ಬರಿಗೆ ಜಾಗವಿತ್ತು.

"ಅಯ್ಯ ಶಿವನ! ನಾ ಏನ್ ದೊಡ್ಡ ಕೂಸೇನ್ರಿ? ಯಾವಾಗ ತಗೊಂಡ್ರಿ ಅಳತಿ?"

ಬಾಗಿಲಿನ ವಿಷಯ ಹೇಳಿದೆ. ಅವಳು ಹಿಟ್ಟಿನ ಡಬ್ಬಿಯ ಮೇಲೆ ಕುಸಿದು ಕುಳಿತು ನಕ್ಕಳು. "ನನ್ನ ಬಿಟ್ಟು ಬಾಗಲಾ ಅಳದ್ರಿ? ಹಂಗಾರ ಬಾಗಲಕ್ಕ ತೊಡಸ್ರಿ!" ನಾನೂ ನಕ್ಕೆ. ಆಮೇಲೆ ಅವಳ ನಗು ತಟ್ಟನೆ ನಿಂತಿತು. ಸ್ವೆಟರು ಬಿಚ್ಚಿ ಮಡಚುತ್ತ, ನನ್ನ ಮುಖ ನೋಡದೆ ಕೇಳಿದಳು:

"ನನ್ನ ಮುಟ್ಟಬಾರದಂತ ಏನರ ಐತೇನ್ರಿ?"

ಅವಳು ಕೇಳಿದ್ದೇನೆಂದು ನನಗೆ ಅರ್ಥವಾಯಿತು. ಹಾಗೆ ಕೇಳುವಂತೆ ಅವಳ ಮೈಗೆ ಯಾರು ಯಾರು ಕಲಿಸಿದ್ದರೋ, ಆ ಸಾಲಿನ ಕೊನೆಯಲ್ಲಿ ನಾನೂ ನಿಂತಿದ್ದೆ. ಅಲ್ಲ, ಹಾಗಲ್ಲ, ನನಗೆ ಯಾರನ್ನೂ ಮುಟ್ಟಲು ಬಾರದು ಎನ್ನಬೇಕಿತ್ತು. ಸ್ವೆಟರು ತೆಗೆದುಕೊಂಡು ಕೋಣೆಗೆ ಹೋದೆ. ಅದೇ ಅವಳಿಗೆ ಉತ್ತರವಾಗಿ ಹೋಯಿತು. ಸಂಜೆಯ ಅಡುಗೆಗೆ ಬಂದಾಗ ನನ್ನೊಂದಿಗೂ ಹಿಂದಿಯಲ್ಲೇ ಮಾತಾಡಿದಳು: "ದೀದೀ, ಖಾನಾ ರಖ್ ದಿಯಾ."

ಅವತ್ತಿನಷ್ಟು ಒಂಟಿಯಾಗಿ ನಾನು ಈ ಊರಿನಲ್ಲಿ ಇನ್ನೆಂದೂ ಉಂಡಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿನ ಬಸ್ಸು ಬಿಟ್ಟು ಅಡುಗೆಮನೆಗೆ ಹೋದೆ. "ಶರಣಮ್ಮ, ಅಳತೆ ಕೊಡಿ" ಎಂದೆ. ಅವಳು ಒಲೆ ಸಣ್ಣಗೆ ಮಾಡಿದಳು. ಕತ್ತಿನ ಸುತ್ತ ಉಲ್ಲನ್ ದಾರ ಹಾಯಿಸುವಾಗ ನನ್ನ ಬೆರಳು ಮುಟ್ಟಿ ಮುಟ್ಟಿ ಹಿಂದೆ ಸರಿಯುತ್ತಿತ್ತು. ಕತ್ತು ಬೆಚ್ಚಗಿತ್ತು, ಒಗ್ಗರಣೆಯ ಇಂಗು ಘಮ್ಮೆನ್ನುತ್ತಿತ್ತು. ಎಡಭುಜ ಬಲಕ್ಕಿಂತ ಎರಡು ಬೆರಳು ತಗ್ಗಿತ್ತು.

"ಸಿಮೆಂಟಿನ ಬುಟ್ಟಿ ಅದ ಕಡೆ ಹೊರತಿದ್ನಿರಿ" ಎಂದಳು. ಆಮೇಲೆ, "ನಿಮಗ ಖರೇನ ಮುಟ್ಟಾಕ ಬರಂಗಿಲ್ಲ, ಅಲ್ಲೇನ್ರಿ? ಬಿಸಿ ಹಂಚು ಮುಟ್ಟಿದಂಗ ಮುಟ್ಟಾಕತ್ತೀರಿ. ಗಟ್ಟಿ ಹಿಡೀರಿ."

ಗಟ್ಟಿಯಾಗಿ ಹಿಡಿದೆ.

ಇಪ್ಪತ್ತು ದಿನದ ಹೆಣಿಗೆ ಬಿಚ್ಚಲು ಒಂದು ಸಂಜೆ ಸಾಕಾಯಿತು. ಹೊಸದಾಗಿ ಶುರುಮಾಡಿದೆ. ಕೊರಳಿಗೆ ಒಂದು ಲೆಕ್ಕ, ತೋಳಿಗೆ ಇನ್ನೊಂದು, ಎಡಭುಜಕ್ಕೆ ಅದರದೇ ಬೇರೆ ಲೆಕ್ಕ. ಅವಳ ಗಂಡನನ್ನು ಪುಣೆಯ ಕೆಲಸಕ್ಕೆ ಕರೆದಿದ್ದ ಗುತ್ತಿಗೆದಾರ ಸಂಕ್ರಾಂತಿಯವರೆಗೆ ಕಾಯಲಿಲ್ಲ. ಹಬ್ಬಕ್ಕೆ ನಾಲ್ಕು ದಿನ ಮೊದಲೇ ಅವರನ್ನು ಹೊರಡಿಸಿದ. ಸ್ವೆಟರಿಗೆ ಗುಂಡಿ ಹಚ್ಚುವುದು ಉಳಿದಿತ್ತು. ಶರಣಮ್ಮ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಎದೆಯ ಮೇಲೆ ಚುಚ್ಚಿಕೊಂಡಳು. ಎರಡೂ ಭುಜದ ಮೇಲೆ ಸ್ವೆಟರು ಅಲುಗದೆ ಕೂತಿತ್ತು.

"ಗುಂಡಿ ಪುಣಾದಾಗ ಸಿಗತಾವ, ಬಿಡ್ರಿ" ಎಂದು, ನನ್ನ ಎರಡೂ ಕೆನ್ನೆ ಸವರಿ ಲಟಿಕೆ ಮುರಿದು, ಆಟೋ ಹತ್ತಿದಳು. ಅವಳು ಕೊಟ್ಟ ನಂಬರು ಆರು ತಿಂಗಳಲ್ಲಿ ಬೇರೆ ಯಾರದೋ ಆಯಿತು.

ಈಗ ನಾನಿರುವುದು ಇದೇ ಹೈದರಾಬಾದಿನ ಉಪ್ಪಲ್‌ನಲ್ಲಿ, ಒಬ್ಬಳೇ. ಈ ಸಲ ಅದೇ ಮಾದರಿಯನ್ನು ನನಗಾಗಿ ಹೆಣೆದುಕೊಳ್ಳೋಣವೆನಿಸಿತು. ಕತ್ತು, ಎದೆ, ಮುಂಗೈ, ಎಲ್ಲವನ್ನೂ ಕನ್ನಡಿಯ ಮುಂದೆ ನಿಂತು ನಾನೇ ಅಳೆದುಕೊಂಡೆ. ಬೆನ್ನಿನ ಅಗಲ ಮಾತ್ರ ಸಿಗಲಿಲ್ಲ. ಒಂದು ಭುಜದಲ್ಲಿ ಟೇಪು ಹಿಡಿದರೆ ಇನ್ನೊಂದರಿಂದ ಜಾರುತ್ತದೆ. ಅದಕ್ಕೊಂದು ಗುಣಾಕಾರ ಖಂಡಿತ ಇದ್ದೀತು. ಪೆನ್ಸಿಲ್ ಎತ್ತಿಕೊಂಡವಳು ಹಾಗೇ ಕೆಳಗಿಟ್ಟೆ.

ಎದುರು ಮನೆಯಲ್ಲಿ ಒಬ್ಬ ಹೆಂಗಸಿದ್ದಾರೆ. ಎಂಟು ತಿಂಗಳಿಂದ ಅವರ ಚಪ್ಪಲಿಗಳಷ್ಟೇ ನನಗೆ ಪರಿಚಯ. ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡು, ಬೆಲ್ ಒತ್ತಿದೆ.

"ಕೊಂಚೆಂ ನಾ ವೀಪು ಕೊಲತ ತೀಸ್ತಾರಾ?" ಬೆನ್ನಿನ ಅಳತೆ ತೆಗೆಯುತ್ತೀರಾ?

ಅವರು ಟೇಪನ್ನೂ ನನ್ನನ್ನೂ ನೋಡಿದರು. ಒದ್ದೆ ಕೈಯನ್ನು ನೈಟಿಗೆ ಒರೆಸಿಕೊಂಡು, "ತಿರಗಂಡಿ" ಎಂದರು.

ತಿರುಗಿ ನಿಂತೆ.