ಮೂಗಪ್ಪನ ದನಿ ಕಾಯುವ ತನುಜಾ

ಶನಿವಾರ. ಭದ್ರಾವತಿಯ ನ್ಯೂಟೌನಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಲಿನ ಗಾಡಿ ಬಂದಿಲ್ಲ, ಕಾರ್ಖಾನೆ ಕಡೆಯ ಬೈಕುಗಳ ಸದ್ದೂ ಇಲ್ಲ. ಒಂದು ಚಿಕ್ಕ ಮನೆಯ ಮುಂದಿನ ಕೋಣೆಯಲ್ಲಿ ತನುಜಾ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಪರದೆಯ ಮೇಲೆ ಚೌಕುಳಿ ಟವೆಲ್ ಹೊದಿಸಿದೆ. ಇವರಿಗೆ ನೋಡುವುದು ಏನೂ ಇಲ್ಲ, ಕೇಳಬೇಕು. ಗುಂಡಿ ಒತ್ತಿ ಕಿವಿಗೊಟ್ಟು ಕೂರುತ್ತಾರೆ. ಫ್ಯಾನು ಗುರ್ರೆನ್ನುತ್ತದೆ. ಅಷ್ಟೆ. ಮತ್ತೆ ಆರಿಸುತ್ತಾರೆ, ಮತ್ತೆ ಒತ್ತುತ್ತಾರೆ. ಮತ್ತೆ ಫ್ಯಾನು.

ಒಳಗಿನಿಂದ ಅತ್ತೆ ಕಾಳಮ್ಮನ ದನಿ ಬರುತ್ತದೆ: "ಇನ್ನೂ ಬಾಯಿ ಬಿಡ್ಲಿಲ್ವೇನೇ ಆ ಮಾರಾಯ?"

ತನುಜಾ ಮತ್ತೊಮ್ಮೆ ಗುಂಡಿ ಒತ್ತುತ್ತಾರೆ. ಸೋಮವಾರ ಕಚೇರಿ ಬಾಗಿಲು ತೆಗೆಯುವುದರೊಳಗೆ ಇದು ಮಾತಾಡಲೇಬೇಕು.

ಕಂಪ್ಯೂಟರು ಶಿವಮೊಗ್ಗದ ಒಂದು ಕಚೇರಿಯದು. ಅದನ್ನು ಬಳಸುವವರು ಏಕಾಂತಪ್ಪ. ಹುಟ್ಟಿನಿಂದಲೇ ಕಣ್ಣು ಕಾಣದವರು. ನಲ್ಲಿಯಲ್ಲಿ ನೀರಿಲ್ಲ, ಬೀದಿ ದೀಪ ಕೆಟ್ಟಿದೆ ಅಂತ ಜನ ಫೋನ್ ಮಾಡಿದರೆ ಎತ್ತುವವರು ಇವರೇ. ಒಂದು ಕಿವಿಯಲ್ಲಿ ದೂರು ಹೇಳುವವರು, ಇನ್ನೊಂದು ಕಿವಿಯಲ್ಲಿ ಕಂಪ್ಯೂಟರ್. ಇವರು ಟೈಪ್ ಮಾಡಿದ್ದನ್ನೆಲ್ಲ ಅದು ಓದಿ ಹೇಳುತ್ತದೆ. ಪರದೆ ಓದುವ ತಂತ್ರಾಂಶ ಅಂತ ಒಂದಿದೆ, ಅದರ ಕೆಲಸ ಇದು. ಕನ್ನಡ ಓದುವ ದನಿ ಗಂಡಸಿನದು, ಮೂಗಿನೊಳಗೇ ಹುಟ್ಟಿ ಮೂಗಿನೊಳಗೇ ಮುಗಿಯುವಂಥದ್ದು. ಏಕಾಂತಪ್ಪ ಅದಕ್ಕೆ ಮೂಗಪ್ಪ ಅಂತ ಹೆಸರಿಟ್ಟಿದ್ದಾರೆ. "ಮೂಗಲ್ಲಿ ಮಾತಾಡ್ತಾನಲ್ಲ, ಅದಕ್ಕೆ. ಮೂಗ ಆಗದಿದ್ರೆ ಸಾಕು ನಂಗೆ" ಎನ್ನುತ್ತಾರೆ.

ಈಗ ಆಗಿರುವುದೂ ಅದೇ. ಕಚೇರಿಯ ಹಳೆಯ ಆಪರೇಟಿಂಗ್ ಸಿಸ್ಟಂಗೆ ಇನ್ನು ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲ ಅಂತ ಎಲ್ಲ ಕಂಪ್ಯೂಟರಿಗೂ ಹೊಸದನ್ನು ಹಾಕಿಸಿದರು. ಹಾಕಲು ಬಂದವರು ಪರದೆ ಬೆಳಗಿದ್ದು ನೋಡಿ, ಎಲ್ಲ ಸರಿ ಇದೆ ಅಂತ ಹೊರಟುಹೋದರು. ಏಕಾಂತಪ್ಪನವರ ಮೇಜಿನ ಮೇಲೆ ಮಾತ್ರ ಮಾತಿಲ್ಲ. ಹೊಸ ಸಿಸ್ಟಮ್ಮಿನ ಜೊತೆ ಬಂದ ಇಂಗ್ಲಿಷ್ ದನಿಯನ್ನು ಯಾರೋ ಚಾಲೂ ಮಾಡಿಕೊಟ್ಟರು. ಅದು ಕನ್ನಡದ ದೂರನ್ನು ಓದುವ ಚಂದ ಕೇಳಬೇಕು. ಮನೆ ನಂಬರು, ತಾರೀಕು, ಫೋನ್ ನಂಬರು, ಮುಗಿಯಿತು. ನಡುವಿನ ಕನ್ನಡವಿಡೀ ಹಾರಿಸಿಬಿಡುತ್ತಿತ್ತು, ಅಲ್ಲಿ ಏನೂ ಬರೆದೇ ಇಲ್ಲವೇನೋ ಎಂಬಂತೆ.

ಗುರುವಾರ ತನುಜಾ ಶಿವಮೊಗ್ಗಕ್ಕೆ ಹೋಗಿ ಮೂಗಪ್ಪನನ್ನು ಒಳಗೆ ಕೂರಿಸಿ ಬಂದರು. ಮಾತಾಡಿದ. ಶುಕ್ರವಾರ ಬೆಳಗ್ಗೆ ಏಕಾಂತಪ್ಪ ಕಂಪ್ಯೂಟರ್ ಹಚ್ಚಿದರೆ ಸದ್ದಿಲ್ಲ. ಹೊಸ ಸಿಸ್ಟಂ ಬಾಗಿಲಲ್ಲೇ ನಿಲ್ಲಿಸಿ ಪಾಸ್‌ವರ್ಡ್ ಕೇಳುತ್ತದೆ. ಮೂಗಪ್ಪ ಇರುವುದು ಬಾಗಿಲ ಒಳಗೆ. ಅಂದಾಜಿನ ಮೇಲೆ ಪಾಸ್‌ವರ್ಡ್ ಹೊಡೆದರು. ಇಂಗ್ಲಿಷಿನ ದೊಡ್ಡಕ್ಷರದ ಗುಂಡಿ, ಅಂದರೆ ಕ್ಯಾಪ್ಸ್ ಲಾಕ್, ಒತ್ತಿಹೋಗಿತ್ತು. ಹಾಗಂತ ಪರದೆಯಲ್ಲಿ ಬರೆದೂ ಇತ್ತು. ಓದಿ ಹೇಳುವವರು ಯಾರು? ತಪ್ಪು, ಮತ್ತೆ ತಪ್ಪು. ಕೊನೆಗೆ ಕಂಪ್ಯೂಟರ್ ಬೀಗ ಹಾಕಿಕೊಂಡಿತು. ಫೋನು ಹೊಡೆದುಕೊಳ್ಳುತ್ತಲೇ ಇತ್ತು.

ಪಕ್ಕದ ಮೇಜಿನವರನ್ನು ಕೇಳಬಹುದಿತ್ತಲ್ಲ ಎಂದರೆ ಏಕಾಂತಪ್ಪ ಹೇಳುತ್ತಾರೆ: "ಕೇಳಬಹುದಿತ್ತು. ಒಂದು ದಿನ ಕೇಳಿದ್ರೆ ದಿನಾ ಕೇಳ್ಬೇಕಾಗುತ್ತೆ."

ಮಧ್ಯಾಹ್ನ ಮೇಲಧಿಕಾರಿ ಹತ್ತಿರ ಬಂದು ಕೂತರು. ಕೆಟ್ಟ ಮನುಷ್ಯರಲ್ಲ. ಸೋಮವಾರದವರೆಗೆ ನೋಡೋಣ, ಆಗದಿದ್ದರೆ ಫೋನನ್ನು ಬೇರೆಯವರ ಮೇಜಿಗೆ ಹಾಕಿಸುತ್ತೇನೆ ಎಂದರು. "ನೀವು ಬಂದು ಹಾಜರಿ ಹಾಕಿ ಆರಾಮಾಗಿ ಕೂತ್ಕೊಳ್ಳಿ ಸಾರ್. ಸಂಬಳ ಏನೂ ನಿಲ್ಲಲ್ಲ."

ಆ 'ಆರಾಮಾಗಿ' ಅನ್ನುವ ಮಾತು ಏಕಾಂತಪ್ಪನವರಿಗೆ ನಿದ್ದೆ ಕೊಟ್ಟಿಲ್ಲ. ತನುಜಾಗೆ ಫೋನಿನಲ್ಲಿ ಇಷ್ಟೇ ಅಂದರಂತೆ: "ನನ್ನ ಕುರ್ಚಿ ಮೇಲೆ ಮೂಟೆ ಇಟ್ಟ ಹಾಗೆ ಇಡ್ತಾರೆ ಮಾರಾಯ್ತಿ."

ಶುಕ್ರವಾರ ಸಂಜೆಯೇ ತನುಜಾ ಅನುಮತಿ ಕೇಳಿ ಕಂಪ್ಯೂಟರಿನ ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸು ಹತ್ತಿದರು. ತೊಡೆಯ ಮೇಲಿಟ್ಟುಕೊಂಡು ಕೂತಿದ್ದನ್ನು ನೋಡಿ ಕಂಡಕ್ಟರು, ಮಗೂಗೆ ಅರ್ಧ ಟಿಕೆಟ್ ಕೊಡಲೇನಮ್ಮ ಎಂದನಂತೆ. ಬೇರೆ ದಿನವಾದರೆ ನಗುತ್ತಿದ್ದರು.

ತನುಜಾ ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ. ತಂದೆ ಕಾಗದದ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದವರು. ಮಗಳು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗಿಗೆ ಸೇರಿ, ಕೆಟ್ಟ ಕಂಪ್ಯೂಟರುಗಳನ್ನು ಕೆದಕುತ್ತ ಕೆದಕುತ್ತ ರಿಪೇರಿ ಕಲಿತರು. ಒಂದು ದಿನ ಏಕಾಂತಪ್ಪ ಕೋಲು ತಟ್ಟಿಕೊಂಡು ಅಂಗಡಿಗೆ ಬಂದರು. ಇಂಥ ತಂತ್ರಾಂಶ ಇದೆ ಎಂಬುದೇ ತನುಜಾಗೆ ಗೊತ್ತಿರಲಿಲ್ಲ. ಒಂದೊಂದೇ ಗುಂಡಿ ಹೇಳಿಕೊಟ್ಟವರು ಅವರೇ. ಟವೆಲ್ಲೂ ಅವರದೇ ಪಾಠ. "ಪರದೆ ಕಾಣ್ತಿದ್ರೆ ನಿನ್ನ ಕಣ್ಣು ಮೋಸ ಮಾಡುತ್ತಮ್ಮ. ಮುಚ್ಚು. ಆಮೇಲೆ ನನ್ನ ಕಂಪ್ಯೂಟರ್ ಮುಟ್ಟು."

ಈಗ ಆಯನೂರಿನ ಮೇಷ್ಟರೊಬ್ಬರಿಂದ ಹಿಡಿದು ಶಂಕರಘಟ್ಟದಲ್ಲಿ ಎಂ.ಎ. ಓದುವ ಸ್ಫೂರ್ತಿಯವರೆಗೆ ಹತ್ತಿಪ್ಪತ್ತು ಮಂದಿಯ ಕಂಪ್ಯೂಟರುಗಳು ಇವರ ಕೈಯಲ್ಲಿವೆ. ಒಬ್ಬೊಬ್ಬರಿಗೆ ಒಂದೊಂದು ಥರ. ಮೇಷ್ಟರಿಗೆ ದನಿ ದಪ್ಪಗಿರಬೇಕು. ಸ್ಫೂರ್ತಿಗೆ ಪ್ರತಿ ಕಾಮಾ, ಚುಕ್ಕಿಯನ್ನೂ ಓದಬೇಕು. ಗುಂಡಿಗಳ ಮೇಲಿನ ಗುರುತು ಬೆರಳಿಗೆ ಸಿಗುತ್ತಿಲ್ಲ ಅಂದವರಿಗೆ ತನುಜಾ ತಮ್ಮ ಹರಳಿನ ಸ್ಟಿಕರ್ ಬೊಟ್ಟನ್ನೇ ಅಂಟಿಸಿ ಕೊಡುತ್ತಾರೆ. ಹೊಸ ಅಪ್‌ಡೇಟ್ ಬಂತೆಂದರೆ ಯಾರ ಮನೆಯಲ್ಲಿ ದನಿ ನಿಂತಿತೋ ಅಂತ ಫೋನು ನೋಡಿಕೊಳ್ಳುತ್ತಲೇ ಇರುತ್ತಾರೆ.

ಬೆಳಗಿನ ಜಾವದಲ್ಲೇ ಕೆಲಸಕ್ಕೆ ಕೂರುವುದು ಯಾಕೆ ಅಂದರೆ, ಬೀದಿಯಲ್ಲಿ ಸದ್ದೆದ್ದರೆ ದನಿಯ ಸಣ್ಣ ತಪ್ಪು ಕಿವಿಗೆ ಬೀಳುವುದಿಲ್ಲ. ಇದರಿಂದ ಒಂದು ಫಜೀತಿಯೂ ಆಗಿದೆ. ಗಂಡ ಆನಂದ ರಾತ್ರಿ ಪಾಳಿಗೆ ಹೋದ ಮೇಲೆ ಮನೆಯಲ್ಲಿ ಯಾರೋ ಗಂಡಸು ಗೊಣಗುತ್ತಾನೆ ಅಂತ ಪಕ್ಕದ ಮನೆ ಪದ್ಮಮ್ಮ ಕಾಳಮ್ಮನ ಹತ್ತಿರ ಗುಟ್ಟಾಗಿ ಹೇಳಿದ್ದರು. ಅತ್ತೆ ಕೊಟ್ಟ ಉತ್ತರ ಬೀದಿಗೆಲ್ಲ ಗೊತ್ತು: "ಹೌದು ಕಣೇ. ಅನ್ನ ಕೇಳಲ್ಲ, ಕರೆಂಟ್ ಸಾಕು ಅವನಿಗೆ."

ಶನಿವಾರಕ್ಕೆ ಬರೋಣ. ಬಾಗಿಲಲ್ಲೂ ಮಾತಾಡು ಎಂಬ ಸೆಟ್ಟಿಂಗನ್ನು ತನುಜಾ ರಾತ್ರಿಯೇ ಹಾಕಿದ್ದಾರೆ. ಆದರೂ ಮೌನ. ಟವೆಲ್ ತೆಗೆದು ನೋಡುತ್ತಾರೆ. ಪರದೆಯ ಪ್ರಕಾರ ಎಲ್ಲ ಸರಿಯಾಗಿದೆ. ಮತ್ತೆ ಮುಚ್ಚುತ್ತಾರೆ. ಉಗುರು ಕಚ್ಚುತ್ತಾರೆ. ಕಾಳಮ್ಮ ತಂದಿಟ್ಟ ಕಾಫಿ ಕೆನೆಗಟ್ಟಿದೆ. ಕೊನೆಗೆ ಏನನ್ನಿಸಿತೋ, ಹಿಂದೆ ಕೈ ಹಾಕಿ ಪರದೆಯ ವೈರನ್ನೇ ಕಿತ್ತು ಮತ್ತೆ ಗುಂಡಿ ಒತ್ತುತ್ತಾರೆ.

"ಪಾಸ್‌ವರ್ಡ್" ಎನ್ನುತ್ತದೆ ಮೂಗಿನ ದನಿ.

ಅವನು ಇಷ್ಟು ಹೊತ್ತೂ ಮಾತಾಡುತ್ತಲೇ ಇದ್ದ. ಹೊಸ ಸಿಸ್ಟಂ ಪ್ರತಿಸಲ ಹಚ್ಚಿದಾಗಲೂ ಮಾತನ್ನು ಪರದೆಯ ವೈರಿನೊಳಗೆ ಕಳಿಸುತ್ತಿತ್ತು. ಪರದೆಗೆ ಸ್ಪೀಕರೇ ಇಲ್ಲ. ತನುಜಾ ಆ ದಾರಿ ಮುಚ್ಚಿ ದನಿಯನ್ನು ಹೆಡ್‌ಫೋನಿಗೆ ತಿರುಗಿಸುತ್ತಾರೆ. ವೈರು ಮರಳಿ ಸಿಕ್ಕಿಸಿ, ಟವೆಲ್ ಹೊದಿಸಿ, ಆರಿಸಿ, ಹಚ್ಚಿ ಕೇಳುತ್ತಾರೆ. ಮಾತಾಡುತ್ತಾನೆ. ಮುಖದಲ್ಲಿ ಮಾತ್ರ ಗೆಲುವಿಲ್ಲ. ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿರುವ ನಮ್ಮ ಕಡೆ ತಿರುಗುತ್ತಾರೆ. "ಇಲ್ಲಿ ಮಾತಾಡ್ದ. ಅಲ್ಲಿ ಕೈಕೊಟ್ರೆ? ಹೋಗೋದು ನನ್ನ ಕೆಲಸ ಅಲ್ಲ ಸಾರ್, ಅವ್ರದ್ದು."

ಸೋಮವಾರ. ಏಕಾಂತಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದಾರೆ. ಹಿಂದೆ ಮೇಲಧಿಕಾರಿ ನಿಂತಿದ್ದಾರೆ. ತನುಜಾ ಗೋಡೆಗೆ ಒರಗಿ ಸೆರಗಿನ ತುದಿ ತಿರುಚುತ್ತಿದ್ದಾರೆ. ಫ್ಯಾನು ಗುರ್ರೆನ್ನುತ್ತದೆ. ಎಲ್ಲರೂ ಪರದೆ ನೋಡುತ್ತಿದ್ದರೆ ಇವರೊಬ್ಬರು ನೋಡುತ್ತಿರುವುದು ಏಕಾಂತಪ್ಪನವರ ಮುಖವನ್ನು. ಹೆಡ್‌ಫೋನಿನೊಳಗೆ ಏನಾಗುತ್ತಿದೆಯೋ ಅಲ್ಲಿ ಮಾತ್ರ ಗೊತ್ತಾಗಬೇಕು. ಹುಬ್ಬು ಗಂಟಿಕ್ಕುತ್ತದೆ. ಬೆರಳೊಂದು ಮೆಲ್ಲಗೆ ಎಡಕ್ಕೆ ಸರಿದು ದೊಡ್ಡಕ್ಷರದ ಗುಂಡಿಯನ್ನು ಒತ್ತಿ ಆರಿಸುತ್ತದೆ. ಅದು ಒತ್ತಿದೆ ಅಂತ ಅವರಿಗೆ ಯಾರು ಹೇಳಿದರು? ಪಾಸ್‌ವರ್ಡ್ ಹೊಡೆಯುತ್ತಾರೆ. ಫೋನು ಬಡಿದುಕೊಳ್ಳುತ್ತದೆ. "ಹೇಳಿ ತಾಯಿ, ಯಾವ ಬೀದಿ?" ಎನ್ನುತ್ತ ಟೈಪ್ ಮಾಡತೊಡಗುತ್ತಾರೆ. ಮೇಲಧಿಕಾರಿ ತಮ್ಮ ಕೋಣೆಗೆ ಹೋಗುತ್ತಾರೆ. ತನುಜಾ ಯಾರಿಗೂ ಹೇಳದೆ ಚಪ್ಪಲಿ ಮೆಟ್ಟುತ್ತಾರೆ.

ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಅವರ ಫೋನು ರಿಂಗಾಗುತ್ತದೆ. ಏಕಾಂತಪ್ಪ. ಎತ್ತಲೋ ಬೇಡವೋ ಎಂಬಂತೆ ಎತ್ತುತ್ತಾರೆ. ಆ ಕಡೆಯಿಂದ ಗದರಿಕೆ ನಮಗೂ ಕೇಳುತ್ತದೆ: "ಏನಮ್ಮಾ, ಮೂಗಪ್ಪಂಗೆ ವಯಸ್ಸಾಯ್ತಾ? ಒಂದು ಸಾಲು ಓದೋದ್ರೊಳಗೆ ಎರಡು ಫೋನ್ ಬರ್ತಿದೆ ಇಲ್ಲಿ."

ಏಕಾಂತಪ್ಪ ಕೇಳುವ ವೇಗದಲ್ಲಿ ಮೂಗಪ್ಪ ಓದಿದರೆ ನಮ್ಮ ನಿಮ್ಮ ಕಿವಿಗೆ ಅರಳು ಸಿಡಿದಂತೆ, ಒಂದಕ್ಷರ ತಿಳಿಯುವುದಿಲ್ಲ. ಮನೆಯಲ್ಲಿ ಪರೀಕ್ಷೆ ಮಾಡುವಾಗ ತನುಜಾ ತಮ್ಮ ಕಿವಿಗೆ ಎಟಕುವ ಹಾಗೆ ನಿಧಾನ ಮಾಡಿಕೊಂಡು, ಹಾಗೆಯೇ ಬಿಟ್ಟು ಬಂದಿದ್ದಾರೆ. ಯಾವ ಗುಂಡಿ ಒತ್ತಬೇಕು ಅಂತ ಹೇಳಿ ಫೋನಿಡುತ್ತಾರೆ. ಶುಕ್ರವಾರದಿಂದೀಚೆ ಮೊದಲ ಸಲ ನಗುತ್ತಾರೆ.

"ಬೈಸ್ಕೊಂಡೆ ನೋಡಿ ಸಾರ್" ಎನ್ನುತ್ತಾರೆ, ಭದ್ರಾವತಿ ಬಸ್ಸಿನ ಕಡೆ ಹೆಜ್ಜೆ ಹಾಕುತ್ತ. "ಬೈಲಿ ಬಿಡಿ. ಮಾತಾಡೋವ್ನಿಗೆ ತಾನೇ ನಿಧಾನ ಅಂತ ಬೈಯೋದು."