ದತ್ತಾತ್ರಿ ಪಾಸು ಮಾಡಿದ ಸಿಗಾರ

ಬಾಯೊಳಗಿನ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ಡಾಕ್ಟರಿಗೆ ತೋರಿಸಬೇಕು. ಇದು ನಿಮಗೆ ಗೊತ್ತಿರಬೇಕಾದ ಮಾತು. ದತ್ತಾತ್ರಿಗೂ ಗೊತ್ತಿತ್ತು. ಅವನ ಕಷ್ಟವೆಂದರೆ, ಆ ಬಾಯಿಯೇ ಅವನ ನೌಕರಿ.

ದತ್ತಾತ್ರಿ ಔರಾದ ತಾಲೂಕಿನ ಸಂತಪುರದವನು. ಬೀದರದ ಬೀಡಿ ಕಾರಖಾನೆಯೊಂದರಲ್ಲಿ ರುಚಿ ನೋಡುವ ಕೆಲಸ. ಹೊಸ ತಂಬಾಕಿನ ಮೂಟೆ ಬಂದಾಗಲೆಲ್ಲ ನಾಲ್ಕು ಬೀಡಿ ಸುತ್ತಿಸಿ, ಸೇದಿ, ಇದು ಖಾರ, ಇದು ಸಪ್ಪೆ, ಇದಕ್ಕೆ ಅದನ್ನು ಬೆರೆಸಿ ಎಂದು ಹೇಳಬೇಕು. ಚಹಾಕ್ಕೂ ಮೊದಲೇ ಸೇದಬೇಕು. ಚಹಾ ಕುಡಿದರೆ ನಾಲಿಗೆ ಸುಳ್ಳು ಹೇಳುತ್ತದಂತೆ. “ನಮ್ಮ ದತ್ತಾನ ನಾಲಿಗಿ ಬಂಗಾರದ್ದು” ಎಂದು ಮಾಲೀಕ ವೈಜಿನಾಥ ಸಾವಕಾರರು ಬಂದವರಿಗೆಲ್ಲ ಹೇಳುತ್ತಿದ್ದರು. ಆ ನಾಲಿಗೆಯ ಒಡೆಯನಿಗೆ ದವಾಖಾನೆಯ ಖರ್ಚಿಗೆ ಆಗುವ ಒಂದು ಕಾರ್ಮಿಕರ ಕಾರ್ಡು ಕೂಡ ಮಾಡಿಸಿರಲಿಲ್ಲ.

ನಾಲಿಗೆಯ ಅಂಚಿಗೆ ಹುಣ್ಣು ಎದ್ದಾಗ ಅವನು ಬೀದರದ ದವಾಖಾನೆಗೆ ಹೋದದ್ದು ನಿಜ. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದರು. “ಒಂದು ಚೂರು ತಗದು ಟೆಸ್ಟಿಗೆ ಕಳಸಬೇಕು. ನಾಳಿನೇ ಬಾ. ಇವತ್ತಿನಿಂದ ಬೀಡಿ ಮುಟ್ಟಬ್ಯಾಡ.”

“ಮುಟ್ಟದಿದ್ದರ ನೌಕರಿ ಹೋಗ್ತದ್ರಿ ಸಾಹೇಬ್ರ.”

ಮರುದಿನ ಅವನು ಹೋಗಲಿಲ್ಲ. ಆಮೇಲೂ ತಿಂಗಳುಗಟ್ಟಲೆ ಹೋಗಲಿಲ್ಲ.

ಮನೆಯಲ್ಲಿ ಹೆಂಡತಿ ಕಾಂತಾಬಾಯಿಗೆ ಅವನು ಹೇಳಿದ್ದು ಒಂದೇ ಮಾತು: “ಪಲ್ಯಾಕ ಉಪ್ಪೇ ಇಲ್ಲ.”

“ಬೀದರದ ಹೋಟೆಲ್ ಊಟ ರೂಢಿ ಆಗ್ಯಾದ ನಿಮಗ. ನಮ್ಮ ಉಪ್ಪು ಎಲ್ಲಿ ಹತ್ತಬೇಕು!”

ಪಲ್ಯಕ್ಕೆ ಉಪ್ಪು ಸರಿಯಾಗಿಯೇ ಇತ್ತು. ರುಚಿ ಸತ್ತದ್ದು ಅವನ ನಾಲಿಗೆಯಲ್ಲಿ; ಮೂಗಂತೂ ವರ್ಷಗಳ ಹೊಗೆಯಲ್ಲಿ ಮೊದಲೇ ಮಂಕಾಗಿತ್ತು. ಕಾರಖಾನೆಯಲ್ಲಿ ಅವನು ತಂಬಾಕನ್ನು ಬೆರಳಿನಲ್ಲಿ ಉಜ್ಜಿ, ಬಣ್ಣ ನೋಡಿ, ಹಳೆಯ ನೆನಪಿನ ಮೇಲೆ ರುಚಿ ಹೇಳಿ ದಿನ ನೂಕುತ್ತಿದ್ದ.

ಅಷ್ಟರಲ್ಲಿ ಭಾಲ್ಕಿಯಲ್ಲಿ ಸಾವಕಾರರ ಮಗಳ ಮದುವೆ ನಿಶ್ಚಯ ಬಂತು. ಆಗಲಿದ್ದ ಅಳಿಯ ಬಹಳ ಮೊದಲೇ ದುಬೈದಿಂದ ಒಂದು ಪೆಟ್ಟಿಗೆ ಸಿಗಾರ ಕಳಿಸಿದ್ದ. ದುಬಾರಿ ಮಾಲು, ಯಾರಾದರೂ ಎತ್ತಿಯಾರು ಎಂದು ಸಾವಕಾರರ ಹೆಂಡತಿ ಅದನ್ನು ರೇಷ್ಮೆ ಸೀರೆಗಳ ನಡುವೆ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ನಿಶ್ಚಯದ ದಿನ ಮಂಟಪದ ಮೂಲೆಯಲ್ಲಿ ಅದಕ್ಕೊಂದು ಮೇಜು, ಮೇಜಿಗೆ ಹೂವು. ಸಾವಕಾರರು ಕರೆದರು:

“ಏ ದತ್ತಾ, ಬಾ ಇಲ್ಲಿ. ನಾಲ್ಕು ಮಂದಿ ಮುಂದ ಸೇದಿ ಹೇಳು, ಮಾಲು ಹ್ಯಾಂಗದ ಅಂತ.”

ದತ್ತಾತ್ರಿ ಒಂದನ್ನು ಎತ್ತಿಕೊಂಡ. ತುದಿಯಿಂದ ತುದಿಗೆ ಬೆರಳಿನಿಂದ ಒತ್ತುತ್ತ ಹೋದ. ಮೇಲಿನ ಎಲೆಯ ಮೇಲೆ ಹೆಬ್ಬೆರಳು ಆಡಿಸಿದ. ಒಂದು ತುದಿ ಕತ್ತರಿಸಿ, ಕಡ್ಡಿ ಗೀರಿ, ನಿಧಾನ ತಿರುಗಿಸುತ್ತ ಹೊತ್ತಿಸಿದ. ಉರಿ ಸುತ್ತಲೂ ಸಮನಾಗಿ ಹಿಡಿಯಿತು.

“ಕಟ್ಟು ಭಾರಿ ಅದ್ರಿ. ನಡುವ ಎಲ್ಲೂ ಪೊಳ್ಳಿಲ್ಲ, ಗಂಟಿಲ್ಲ. ಬೂದಿ ನೋಡ್ರಿ, ಉದುರವಲ್ದು.”

“ರುಚಿ ಹೇಳಲೇ, ರುಚಿ!”

ಬಾಯಲ್ಲಿ ಬಿಸಿ ಬಿಟ್ಟು ಬೇರೇನೂ ಇರಲಿಲ್ಲ. ಗೊತ್ತಿಲ್ಲ ಎಂದರೆ ಅಲ್ಲಿಗೇ ನೌಕರಿ ಮುಗಿಯಿತು. ಒಳ್ಳೆಯ ತಂಬಾಕು ಹೇಗಿರಬೇಕೋ ಹಾಗೆ ಹೇಳಿದ: “ಮೊದಲ ಒಂದಿಷ್ಟು ಖಾರ. ಆಮ್ಯಾಗ ಬೆಲ್ಲ ಸುಟ್ಟಂಗ. ಕಡೀಕ ಗೋಡಂಬಿ ವಾಸನಿ.”

ಚಪ್ಪಾಳೆ ಬಿತ್ತು. ಗುತ್ತಿಗೆದಾರರೊಬ್ಬರು ಪೆಟ್ಟಿಗೆಯಿಂದ ಒಂದನ್ನು ತೆಗೆದು ಹೊತ್ತಿಸಿ ಒಂದು ದಮ್ಮು ಎಳೆದರು. ಎಳೆದವರೇ ಮೇಜಿನ ಹೂವಿನ ಮೇಲೆ ಉಗುಳಿದರು.

“ಥೂ! ಡಾಂಬರ ಗುಳಿಗಿ! ಸಾವಕಾರ್ರ, ನಮ್ಮವ್ವನ ಟ್ರಂಕೇ ಸೇದಿದಂಗ ಆಯ್ತಲ್ರಿ!”

ಸೀರೆಗೆ ನುಸಿ ಹತ್ತದಿರಲಿ ಎಂದು ಕಪಾಟಿನ ತುಂಬ ಹಾಕಿದ್ದ ಗುಳಿಗೆಗಳ ನಾತವೆಲ್ಲ ಸಿಗಾರಿಗೆ ಹತ್ತಿತ್ತು. ಹೊಗೆ ಹರಡಿದಂತೆ ದೂರ ನಿಂತವರಿಗೂ ಬಡಿಯಿತು. ಹಚ್ಚಿಕೊಂಡು ಸೇದುತ್ತಿದ್ದ ದತ್ತಾತ್ರಿಯೊಬ್ಬನಿಗೆ ಗೊತ್ತಾಗಿರಲಿಲ್ಲ.

“ಗೋಡಂಬಿ ಅಂತ! ಇನ್ನೊಂದು ಸ್ವಲ್ಪ ಎಳಿ ದತ್ತಾ, ಪಿಸ್ತಾನೂ ಬರ್ತದ!”

ಹಿಂದಿನಿಂದ ಯಾರೋ ಕೂಗಿದ್ದಕ್ಕೆ ಇಡೀ ಮಂಟಪ ಬಿದ್ದು ಬಿದ್ದು ನಕ್ಕಿತು. ಆಮಂತ್ರಿತರಲ್ಲಿ ಡಾಕ್ಟರುಗಳೂ ಇದ್ದರು. ಅವರೂ ನಕ್ಕರು. ಎದುರಿಗೆ ನಿಂತ ಮನುಷ್ಯನಿಗೆ ಡಾಂಬರ ಗುಳಿಗೆಯ ನಾತವೂ ಹತ್ತುತ್ತಿಲ್ಲವಲ್ಲ, ಅವನ ಬಾಯಿಗೆ ಏನಾಗಿದೆ ಎಂದು ಒಬ್ಬರಾದರೂ ಕೇಳಬೇಡವೇ? ಸಾವಕಾರರು ಕೇಳಿದರು ನೋಡಿ, ಅವನನ್ನು ಬದಿಗೆ ಕರೆದು:

“ಎಷ್ಟು ದಿನದಿಂದ ಹಿಂಗ? ನನ್ನ ಮಾಲು ಎಷ್ಟು ಹಾಳು ಮಾಡಿದಿ ಲೇ? ನಾಳಿಂದ ಬರಬ್ಯಾಡ.”

ಮರುದಿನ ಅವನು ಸಂತಪುರಕ್ಕೆ ಬರುವ ಮೊದಲೇ ಸುದ್ದಿ ಮುಟ್ಟಿತ್ತು. ಕಾಂತಾಬಾಯಿ ಬೈಯಲಿಲ್ಲ. ಮೊಬೈಲಿನ ದೀಪ ಹಚ್ಚಿ ಹೊಸ್ತಿಲ ಮೇಲೆ ಕೂರಿಸಿದಳು. “ಬಾಯಿ ತಗೀರಿ.”

“ಏನಿಲ್ಲ ಬಿಡು.”

“ಭಾಲ್ಕಿ ಮಂದಿಗೆಲ್ಲ ತೋರ್ಸಿ ಬಂದೀರಿ. ನನಗ ತೋರ್ಸಲಕ್ಕ ನಾಚಿಕಿ ಏನು?”

ಬಾಯಿ ಪೂರ್ತಿ ತೆರೆಯಲಿಲ್ಲ. ತೆರೆದಷ್ಟರಲ್ಲಿ ಕಂಡದ್ದು ಅವಳಿಗೆ ಸಾಕಾಯಿತು. ಬೀದರಿಗೆ, ಅದೇ ಡಾಕ್ಟರ ಬಳಿಗೆ ಕರೆದೊಯ್ದಳು. ಅವರು ಹೈದರಾಬಾದಿಗೆ ಕಳಿಸಿದರು. ಅಲ್ಲಿ ನಾಲಿಗೆಯ ಬಹುಭಾಗ ತೆಗೆದರು. ಕ್ಯಾನ್ಸರು ಕುತ್ತಿಗೆಗೂ ಇಳಿದಿತ್ತು. ಡಾಕ್ಟರು ಅಂದಾಗಲೇ ಹೋಗಿದ್ದರೆ ಒಂದು ಚೂರು ಹೋಗುತ್ತಿತ್ತು, ಮಾತು ಉಳಿಯುತ್ತಿತ್ತು. ಈಗ ಅವನು ಉಳಿಯುತ್ತಾನೆಂದೇ ಯಾರೂ ಹೇಳುತ್ತಿಲ್ಲ.

ಪೇಪರಿಗೆ ಬರೆಯುವ ನಾನು ನೋಡಲು ಹೋದಾಗ ಮೂಗಿನ ನಳಿಕೆಯಿಂದ ಗಂಜಿ ಇಳಿಯುತ್ತಿತ್ತು. ಅವನು ಕೈಸನ್ನೆ ಮಾಡಿದ. ಕಾಂತಾಬಾಯಿ ಹೇಳಿದಳು: “ಬೆಲ್ಲ, ಗೋಡಂಬಿ ಅಂದಿದ್ದು ಸುಳ್ಳು ಅಂತ ಬರೀರಿ ಅಂತಾರ್ರಿ. ಪೇಪರಿನ್ಯಾಗ ಅದೊಂದು ಬರಬೇಕಂತ.”

ಬರೆದಿದ್ದೇನೆ. ಆ ಸುಳ್ಳು ಹೇಳುವ ಹಾಗೆ ಮಾಡಿದವರು ಏನೂ ಬರೆಸಿಲ್ಲ. ಕಾರಖಾನೆಗೆ ಹಲಬರ್ಗಾದ ಹೊಸ ಮನುಷ್ಯ ಬಂದಿದ್ದಾನೆ. ಅವನ ನಾಲಿಗೆಯೂ ಬಂಗಾರದ್ದೇ ಅಂತೆ.

ನಿಮ್ಮ ಮನೆಯಲ್ಲೂ ಸೇದುವವರಿದ್ದಾರೆ, ಅಗಿಯುವವರಿದ್ದಾರೆ. ಕೇಳಿದರೆ ‘ಏನಿಲ್ಲ’ ಎನ್ನುತ್ತಾರೆ. ಕೇಳಬೇಡಿ. ಈ ಪೇಪರು ಮಡಚಿಡಿ, ಮೊಬೈಲಿನ ದೀಪ ಹಚ್ಚಿ, ಅವರ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿ. ಏಳಿ, ಈಗಲೇ.